ನಂಬಿದ್ದನ್ನು ಗ್ರೂಪಲ್ಲಿ ಹೇಳಿದರೆ ಸಾಕಾ, ಬೀದಿಗೂ ಇಳಿಯಬೇಕಾ?

ಹೊಂಗೆನೆರಳು
ನಮ್ಮ ಬಡಾವಣೆಯ ಮುಖ್ಯ ರಸ್ತೆ ಅಗಲ ಮಾಡುತ್ತಾರಂತೆ. ಎರಡೂ ಬದಿಯ ಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಅರವತ್ತಕ್ಕೂ ಜಾಸ್ತಿ ಇವೆ. ಮಳೆಮರ, ಹೊಂಗೆ, ನಾಲ್ಕೈದು ನೇರಳೆ. ಊರಿನ ಹೆಸರು ಹೇಳುವುದಿಲ್ಲ, ಸಣ್ಣ ಊರು, ಯಾರು ಬರೆದದ್ದು ಅಂತ ತಕ್ಷಣ ಗೊತ್ತಾಗುತ್ತೆ.

ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಕಿಡಿಕಿಡಿ. ಅನ್ಯಾಯ, ನಾಚಿಕೆಗೇಡು, ಇವರಿಗೆ ಮಕ್ಕಳಿಲ್ಲವಾ, ಹೀಗೆ. ಸರಿ, ಭಾನುವಾರ ಬೆಳಿಗ್ಗೆ ಪಾರ್ಕಲ್ಲಿ ಸೇರಿ ಒಂದು ಮನವಿಗೆ ಸಹಿ ಹಾಕೋಣ ಅಂದೆ. ಸಾಲಾಗಿ ಹೆಬ್ಬೆರಳು ಬಂದವು. ಪಾರ್ಕಿಗೆ ಬಂದದ್ದು ನಾನು, ನನ್ನ ಹೆಂಡತಿ, ವಾಕಿಂಗಿಗೆ ಬಂದಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರು. ಮೇಷ್ಟ್ರು ಸಹಿ ಹಾಕಿದರು, ಫೋನ್ ನಂಬರ್ ಮಾತ್ರ ಬರೆಯಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದು ವಿಷಯ ತಪ್ಪು ಅಂತ ಮನಸ್ಸಿಗೆ ಖಚಿತವಾಗಿದ್ದೂ ಸುಮ್ನೆ ಕೂರುವುದು ತಪ್ಪಾ? ಇಲ್ಲಾ, ಓಟು ಹಾಕಿ ತೆರಿಗೆ ಕಟ್ಟಿದರೆ ನಮ್ಮ ಕೆಲಸ ಮುಗಿಯಿತಾ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ಗೊತ್ತಾಗುತ್ತಿಲ್ಲ.

ಕಾಫಿಪುಡಿ
ಹೆಬ್ಬೆರಳು ಒತ್ತುವುದೂ ಒಂದು ಸಹಿಯೇ ಸಾರ್. ನಮ್ಮ ತಾತ ಸಾಲದ ಪತ್ರಕ್ಕೆ ಹಾಗೇ ಒತ್ತಿ ತೋಟ ಕಳೆದುಕೊಂಡದ್ದು 😀

ಮೈಸೂರ್‌ಮಲ್ಲಿಗೆ
ಮರಕ್ಕೆ ನಂಬರ್ ಬಿದ್ದ ಮೇಲೆ ತಡ ಮಾಡಬೇಡಿ. 2025ರ ಏಪ್ರಿಲ್‌ನಲ್ಲಿ ಇಲ್ಲಿ ಹೈದರ್ ಅಲಿ ರಸ್ತೆಯಲ್ಲಿ 40 ಮರ ಕಡಿದರು. ಕಡಿದ ಮೇಲೆ ನಾವೆಲ್ಲ ಎದ್ದೆವು. ಮೇಣದಬತ್ತಿ ಹಿಡಿದೆವು, ಹಾಡು ಹೇಳಿದೆವು, ಪೇಪರಲ್ಲಿ ಫೋಟೋನೂ ಬಂತು. ಬೊಡ್ಡೆಗಳ ಮುಂದೆ ನಿಂತು ಪ್ರತಿಭಟನೆ ಮಾಡುವುದು ಎಷ್ಟು ಬೇಜಾರಿನ ಕೆಲಸ ಅಂತ ಮಾಡಿದವರಿಗೇ ಗೊತ್ತು.

ಸಂವಿಧಾನಪ್ರೇಮಿ
ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಸಂವಿಧಾನದ 51ಎ ವಿಧಿ ಓದಿ. ಕಾಡು, ಕೆರೆ, ನದಿ, ವನ್ಯಜೀವಿ ಎಲ್ಲವನ್ನೂ ಒಳಗೊಂಡ ಪರಿಸರವನ್ನು ಕಾಪಾಡುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ. ಸುಮ್ಮನೆ ಕೂತವರು ಕರ್ತವ್ಯ ಬಿಟ್ಟವರು, ಅಷ್ಟೇ.

ಹಳೇಕಡತ
@ಸಂವಿಧಾನಪ್ರೇಮಿ ನಿಧಾನ. ಆ ವಿಧಿ ಪಾಲಿಸಲಿಲ್ಲ ಅಂತ ಯಾರನ್ನೂ ನೇರವಾಗಿ ಕೋರ್ಟಿಗೆ ಎಳೆಯಲು ಬರುವುದಿಲ್ಲ. ಇನ್ನೊಂದು, ಆ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ತುರ್ತು ಪರಿಸ್ಥಿತಿ ನಡೆಯುತ್ತಿದ್ದ ಕಾಲ. ಮಾತಾಡಿದವರನ್ನು ಜೈಲಿಗೆ ಹಾಕಿದ ಸರ್ಕಾರವೇ ನಾಗರಿಕರಿಗೆ ಕರ್ತವ್ಯದ ಪಟ್ಟಿ ಕೊಟ್ಟದ್ದು. ಸ್ವಲ್ಪ ನಗು ಬರುತ್ತೆ ಅಲ್ವಾ?

@ಹೊಂಗೆನೆರಳು ನಿಮಗೆ ಉಪಯೋಗಕ್ಕೆ ಬರುವುದು ಅದೇ 1976ರ ಇನ್ನೊಂದು ಕಾಯ್ದೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಸಾರ್ವಜನಿಕ ಕೆಲಸಕ್ಕೆ ಅಂತ 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಟ್ರೀ ಆಫೀಸರ್ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಹತ್ತು ದಿನ ಟೈಮು. ನಿಮ್ಮಲ್ಲಿ ಅರವತ್ತು ದಾಟಿದೆ ಅಂದಿರಿ. ಪ್ರಕಟಣೆ ಬಂದಿದೆಯಾ ನೋಡಿ. ಬಂದಿದ್ದರೆ ಯಾವ ತಾರೀಕು? ಪಾರ್ಕಿನ ಮನವಿ ಆಮೇಲೆ ನೋಡಿಕೊಳ್ಳಿ.

ಮೈಸೂರ್‌ಮಲ್ಲಿಗೆ
ನಮ್ಮಲ್ಲಿ 40 ಇತ್ತು ನೋಡಿ. 50ರ ಒಳಗೆ 😐

ರಸ್ತೆಬೇಕುಮಾರಾಯ್ರೆ
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಆ ಕಡೆಯವನು. ನಮ್ಮೂರಲ್ಲೂ ಹೀಗೇ ಮರದ ಸಾಲು ಇತ್ತು, ಹೀಗೇ ತಕರಾರು ಹಾಕಿ ರಸ್ತೆ ನಿಲ್ಲಿಸಿದರು. ಆ ತಿರುವಿನಲ್ಲಿ ನನ್ನ ಚಿಕ್ಕಪ್ಪನ ಮಗ ಬೈಕಿನಿಂದ ಬಿದ್ದು ಕಾಲು ಕಳೆದುಕೊಂಡ. ರಸ್ತೆ ಅಗಲ ಆಗಲೇಬೇಕು ಅಂತ ನಾನೂ ಗಟ್ಟಿಯಾಗಿ ನಂಬಿದ್ದೇನೆ ಮಾರಾಯ್ರೆ. ನಂಬಿದ್ದನ್ನು ಮಾಡಿಯೇ ತೋರಿಸಬೇಕು ಅನ್ನುವುದಾದರೆ ನಾನೂ ಇನ್ನೂರು ಜನ ಕರೆದುಕೊಂಡು ಬಂದು ಕೂರುತ್ತೇನೆ. ಆಗ ಏನು ಮಾಡುತ್ತೀರಿ?

ಕಾಫಿಪುಡಿ
ಕಾಫಿ ಕೊಡುತ್ತೇವೆ.

ಶಾಲ್ಮಲಾತೀರ
@ರಸ್ತೆಬೇಕುಮಾರಾಯ್ರೆ ಬನ್ನಿ, ಕೂರಿ. ಅದನ್ನೇ ಅಲ್ವಾ ಎಲ್ಲರೂ ಹೇಳುತ್ತಿರುವುದು? ಎರಡೂ ಕಡೆಯವರು ಎದುರಾಬದುರು ಬಂದರೆ ಅಧಿಕಾರಿ ಯಾವ ಮರ ಬಿಡಬಹುದು, ಎಲ್ಲಿ ತಿರುವು ನೇರ ಮಾಡಬಹುದು ಅಂತ ಯೋಚಿಸಬೇಕಾಗುತ್ತೆ. ಯಾರೂ ಬರದಿದ್ದರೆ ಗುತ್ತಿಗೆದಾರ ಹೇಳಿದ್ದೇ ಪ್ಲಾನು.

ನಾನು ಶಿರಸಿ ಕಡೆಯವಳು. ಅಪ್ಪಿಕೋ ಅಂದರೆ ಈಗ ಶಾಲೆ ಪುಸ್ತಕದಲ್ಲಿ ನಾಲ್ಕು ಸಾಲು, ಮರ ತಬ್ಬಿಕೊಂಡ ಚಿತ್ರ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದುಕೊಂಡು ಹೋಗಿ ಮರ ಅಪ್ಪಿ ನಿಂತದ್ದು ಬರೀ ಹಸಿರಿನ ಪ್ರೀತಿಯಿಂದ ಅಲ್ಲ. ಸಹಜ ಕಾಡು ಕಡಿದು ತೇಗ ನೆಡುತ್ತಿದ್ದರು, ಪ್ಲೈವುಡ್ಡಿಗೆ ಮರ ಹೋಗುತ್ತಿತ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಹೊಳೆಯಲ್ಲಿ ನೀರು ಬೇಕು. ಕಾಡು ಹೋದರೆ ತೋಟ ಹೋಗುತ್ತೆ ಅಂತ ಅವರಿಗೆ ಲೆಕ್ಕ ಸರಿಯಾಗಿ ಗೊತ್ತಿತ್ತು. ಪಾಂಡುರಂಗ ಹೆಗಡೆಯವರಂಥವರು ಜೊತೆಗಿದ್ದರು, ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಬಂದು ಮಾತಾಡಿ ಹೋಗಿದ್ದರು, ಅದೆಲ್ಲ ನಿಜ. ಆದರೆ ಕಾಡಿಗೆ ಹೋಗಿ ನಿಂತವರು ಊರಿನವರೇ.

ಹಾಗಾಗಿ ನಿಮ್ಮ ಗ್ರೂಪಿನವರು ಯಾಕೆ ಬರಲಿಲ್ಲ ಅಂದರೆ, ಆ ಮರ ಹೋದರೆ ಅವರಿಗೆ ಹೋಗುವುದು ಏನೂ ಇಲ್ಲ. ಮನೆಯಲ್ಲಿ ಏಸಿ ಇದೆ.

ಬಿಸಿಲನಾಡು
ಏಸಿ ಮಾತು ಖರೇ ಅದ. ರಾಯಚೂರಿಗೆ ಏಪ್ರಿಲ್ ತಿಂಗಳಲ್ಲಿ ಬರ್ರಿ, ಬೇವಿನ ಗಿಡದ ನೆರಳಿಗೆ ಎಷ್ಟು ಬೆಲೆ ಅಂತ ತಿಳಿಯುತ್ತದೆ. ಇಲ್ಲಿ ಒಂದು ಗಿಡ ಕಡಿದರೂ ಅದರ ಕೆಳಗೆ ಚಪ್ಪಲಿ ಹೊಲಿಯುವವನು, ಕಲ್ಲಂಗಡಿ ಮಾರುವವಳು, ಇಬ್ಬರ ಬದುಕೂ ಎತ್ತಿಟ್ಟ ಹಾಗೆ. ಅವರನ್ನು ಯಾವ ಗ್ರೂಪಿಗೂ ಸೇರಿಸಿಲ್ಲ. @ಹೊಂಗೆನೆರಳು ನಿಮ್ಮ ಮರದ ಕೆಳಗೆ ಕೂರುವವರನ್ನು ಕೇಳಿದಿರೇನ್ರಿ?

ಹೊಂಗೆನೆರಳು
@ಬಿಸಿಲನಾಡು ಇಲ್ಲ. ಎಳನೀರಿನವರು ಒಬ್ಬರು, ಇಸ್ತ್ರಿ ಗಾಡಿಯವರು ಒಬ್ಬರು ಇದ್ದಾರೆ. ನಾಳೆ ಮಾತಾಡುತ್ತೇನೆ.

@ಹಳೇಕಡತ ಪ್ರಕಟಣೆ ಎಲ್ಲಿ ಹಾಕುತ್ತಾರೆ ಸಾರ್? ಮರದ ಮೇಲೆ ನಂಬರ್ ಬಿಟ್ಟು ಬೇರೇನೂ ಕಾಣಲಿಲ್ಲ.

ಸೂಜಿದಾರ
ನಾನು ಟೈಲರಿಂಗ್ ಅಂಗಡಿ ಇಟ್ಟವಳು. ಇಂಥದ್ದೇ ಒಂದು ಅರ್ಜಿ ನನ್ನ ಹತ್ತಿರವೂ ತಂದಿದ್ದರು. ಸಹಿ ಹಾಕಲಿಲ್ಲ. ಅಂಗಡಿ ಲೈಸೆನ್ಸು ವರ್ಷಾ ವರ್ಷ ರಿನ್ಯೂ ಆಗಬೇಕು, ಯಾರ ವಿರುದ್ಧ ಅರ್ಜಿಯೋ ಅದೇ ಆಫೀಸಲ್ಲಿ. ಬೋರ್ಡು ಎರಡಡಿ ಮುಂದೆ ಬಂದಿದೆ ಅಂತ ಅವರು ಯಾವತ್ತು ಬೇಕಾದರೂ ಹೇಳಬಹುದು. ಬಂದಿರುವುದೂ ನಿಜ.

ಅರ್ಜಿ ತಂದವರು ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದವರು. ನನ್ನನ್ನು ನೋಡಿ "ನಿಮ್ಮಂಥವರಿಂದಲೇ ದೇಶ ಹೀಗಾಗಿದೆ" ಅಂದರು. ಅವರಿಗೆ ಸಹಿಗೆ ತಗಲುವ ಖರ್ಚು ಪೆನ್ನಿನ ಶಾಯಿ. ನನಗೆ ಅಂಗಡಿ. ಇಬ್ಬರಿಗೂ ಜವಾಬ್ದಾರಿ ಒಂದೇ ಅಳತೆ ಅಂದರೆ ನಾನು ಒಪ್ಪುವುದಿಲ್ಲ.

ಸಂವಿಧಾನಪ್ರೇಮಿ
@ಸೂಜಿದಾರ ಎಲ್ಲರೂ ಹೀಗೆ ಲೆಕ್ಕ ಹಾಕಿದ್ದರೆ ಸ್ವಾತಂತ್ರ್ಯ ಬರುತ್ತಿತ್ತಾ ಮೇಡಂ?

ಸೂಜಿದಾರ
ಬ್ರಿಟಿಷರು ನನ್ನ ಬೋರ್ಡು ಅಳೆಯಲು ಬರುತ್ತಿರಲಿಲ್ಲ ಸಾರ್.

ಸಿದ್ದಾಪುರದಳಿಯ
ಅಳೆಯಲು ಬಂದಿದ್ದರು ಮೇಡಂ, ಅದನ್ನೇ ಹೇಳಬೇಕು ಅಂತ ಬಂದೆ. ಅಂಕೋಲೆ, ಸಿದ್ದಾಪುರ ಕಡೆ 1932ರಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕಟ್ಟುವುದಿಲ್ಲ ಅಂದವರ ಜಮೀನು, ದನ, ಪಾತ್ರೆ ಎಲ್ಲ ಜಪ್ತಿ. ಅವರು ದೊಡ್ಡ ಜನ ಏನಲ್ಲ, ಸಣ್ಣ ರೈತರೇ. ಹರಾಜಿಗೆ ಬಂದ ಆಸ್ತಿಯನ್ನು ಊರಿನವರೇ ಕೆಲವರು ಕೊಂಡರು. ಆಗ ಹೆಂಗಸರು ಮಾವಿನಗುಂಡಿಯಲ್ಲಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ನಮ್ಮ ಮಾವನ ಮನೆಯಲ್ಲಿ ಈ ಕತೆ ಹಬ್ಬಕ್ಕೊಮ್ಮೆ ಬರುತ್ತೆ. ಜೋಗಕ್ಕೆ ಹೋಗುವವರು ಆ ಊರು ದಾಟಿಯೇ ಹೋಗುತ್ತಾರೆ, ಎಷ್ಟು ಜನ ಇಳಿಯುತ್ತಾರೋ.

ಕೆಂಪುಶಾಯಿ
ಸರಿಯಾದ ಐಡಿಯಾ. ಹೊಂಗೆನೆರಳು, ಬರುತ್ತೇನೆ ಅಂದು ಬರದವರ ಹೆಸರು ಪಟ್ಟಿ ಮಾಡಿ ಗ್ರೂಪಲ್ಲಿ ಹಾಕಿ. ಮರ್ಯಾದೆ ಹೋದರೆ ಮುಂದಿನ ವಾರ ಓಡಿ ಬರುತ್ತಾರೆ.

ಶಾಲ್ಮಲಾತೀರ
@ಕೆಂಪುಶಾಯಿ ಅಯ್ಯೋ, ಅವರು ಮಾಡಿದ್ದು ಅದಾ? ಆ ಹೆಂಗಸರು ತಮ್ಮ ಹೊಟ್ಟೆ ಖಾಲಿ ಇಟ್ಟುಕೊಂಡು ಕೂತಿದ್ದು. ನೀವು ಸೋಫಾ ಮೇಲೆ ಕೂತು ಪಕ್ಕದ ಮನೆಯವರ ಹೆಸರು ಟೈಪ್ ಮಾಡುವುದು.

ಕೆಂಪುಶಾಯಿ
ಎರಡೂ ಒತ್ತಡವೇ ಅಲ್ವಾ? ನಿಮ್ಮ ಮನೆ ಮುಂದೆ ನಾಲ್ಕು ಹೆಂಗಸರು ಊಟ ಬಿಟ್ಟು ಕೂತರೆ ಅದು ಪಟ್ಟಿಗಿಂತ ಜಾಸ್ತಿ ಒತ್ತಡ. ಪ್ರಾಮಾಣಿಕವಾಗಿ ಹೇಳಿ.

ಶಾಲ್ಮಲಾತೀರ
ಜಾಸ್ತಿಯೇ. ಆದರೆ ನೋವು ಮೊದಲು ಯಾರಿಗೆ ಅನ್ನುವುದು ನನಗೆ ಮುಖ್ಯ. ಅಲ್ಲಿ ಕೂತವರಿಗೆ. ಪಟ್ಟಿಯಲ್ಲಿ, ಸೂಜಿದಾರ ಅಂಥವರಿಗೆ.

ನಿರ್ವಾಹಕ
ಎರಡು ಕಾಮೆಂಟ್ ತೆಗೆದಿದ್ದೇನೆ. ಪಕ್ಷಗಳ ಹೆಸರು ಬೇಡ, ಎಮ್ಮೆಲ್ಲೆ ಮನೆತನದ ಸುದ್ದಿಯೂ ಬೇಡ. ಮುಂದುವರಿಸಿ.

ಡಲ್ಲಾಸಿನಿಂದ
ಇಲ್ಲಿ ಸಿಟಿ ಕೌನ್ಸಿಲ್ ಮೀಟಿಂಗಲ್ಲಿ ಜನ ಹೋಗಿ ಮೈಕಿನ ಮುಂದೆ ನಿಂತು ಮಾತಾಡಬಹುದು. ಸಾಮಾನ್ಯವಾಗಿ ಮೂರು ನಿಮಿಷ. ಒಬ್ಬಾಕೆ ಬೆಕ್ಕುಗಳ ಬಗ್ಗೆ ಮಾತಾಡಿದ್ದನ್ನೂ ಕೇಳಿದ್ದೇನೆ. ನಮ್ಮ ಊರುಗಳಲ್ಲೂ ಅಂಥದ್ದು ಬರಬೇಕು.

ಕಾಫಿಪುಡಿ
ನೀವು ಮಾತಾಡಿದ್ದೀರಾ ಅಲ್ಲಿ?

ಡಲ್ಲಾಸಿನಿಂದ
ಇಲ್ಲ ಗುರು. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಮಾತಾಡಿದರೆ ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಸುಮ್ನೆ ಹಿಂದಿನ ಸಾಲಲ್ಲಿ ಕೂತು ಬರುತ್ತೇನೆ.

ಬೆಂಗಳೂರುಬಸ್ಸು
ಬೆಂಗಳೂರಿನ ಉದಾಹರಣೆ ಯಾರೂ ಹೇಳಲಿಲ್ಲ. 2016ರಲ್ಲಿ ವಿಮಾನ ನಿಲ್ದಾಣದ ದಾರಿಯಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಅಂತ ಹೊರಟಿದ್ದರು. 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 800ಕ್ಕೂ ಹೆಚ್ಚು ಮರ. ಅಕ್ಟೋಬರ್ 16ರ ಭಾನುವಾರ ಜನ ಕೈ ಕೈ ಹಿಡಿದು ರಸ್ತೆಯುದ್ದ ನಿಂತರು. ನಾನೂ ಇದ್ದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತಡೆಯೂ ಬಂತು, ಮರು ವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವತ್ತು ಬಂದವರಲ್ಲಿ ಅರ್ಧ ಜನ ಅದಕ್ಕೆ ಮೊದಲು ಯಾವ ಪ್ರತಿಭಟನೆಗೂ ಹೋದವರಲ್ಲ ಅಂತ ನನ್ನ ಅಂದಾಜು. ಹಾಗಾಗಿ ಜನ ಬರುವುದೇ ಇಲ್ಲ ಅನ್ನಬೇಡಿ.

ಬಿಸಿಲನಾಡು
ವಿಮಾನ ನಿಲ್ದಾಣದ ದಾರಿಗೆ ಕೈ ಹಿಡಿಯಲು ಎಲ್ಲರೂ ಬರುತ್ತಾರ್ರಿ. ಕ್ಯಾಮೆರಾನೂ ಬರುತ್ತದೆ. ನಮ್ಮ ಕಡೆ ಅದೇ ಕೆಲಸ ಮಾಡಿದರೆ ಮೂರನೇ ಪುಟದಲ್ಲಿ ಎರಡು ಸಾಲು.

ಬೆಂಗಳೂರುಬಸ್ಸು
ಒಪ್ಪುತ್ತೇನೆ. ಆದರೆ ಈಗ ನಮ್ಮಲ್ಲೂ ಹಾಗೆಲ್ಲ ರಸ್ತೆಯಲ್ಲಿ ನಿಲ್ಲುವ ಹಾಗಿಲ್ಲ. ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಲ್ಲಿ, ಅನುಮತಿ ತಗೊಂಡು. ಮರ ಒಂದು ಕಡೆ, ಮರಕ್ಕಾಗಿ ಕೂಗುವುದು ಇನ್ನೊಂದು ಕಡೆ.

ಹಳೇಕಡತ
ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ತುರ್ತು ಪರಿಸ್ಥಿತಿಯಲ್ಲಿ ಇಟ್ಟಿದ್ದ ಜಾಗ. ಆಗ ಮಾತಾಡಿದವರನ್ನು ಒಳಗೆ ಹಾಕುತ್ತಿದ್ದರು, ಈಗ ಮಾತಾಡಬೇಕೆಂದರೆ ಒಳಗೆ ಹೋಗಬೇಕು.

ಪ್ರಕಟಣೆ ವಿಷಯ. ಟ್ರೀ ಆಫೀಸರ್ ಅಂದರೆ ಅರಣ್ಯ ಇಲಾಖೆಯವರು. ಅವರ ಕಚೇರಿಗೆ ಹೋಗಿ ನೋಟಿಸ್ ಬೋರ್ಡ್ ನೋಡಿ, ಅಲ್ಲಿ ಕಾಣದಿದ್ದರೆ ಟೇಬಲ್ಲಿನವರನ್ನು ಕೇಳಿ. "ಇನ್ನೂ ಹೊರಡಿಸಿಲ್ಲ" ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ಕೊಡುವುದಿಲ್ಲ, ಆದರೂ ಕೇಳಿ.

ಅರ್ಧಚಂದ್ರ
ಇಷ್ಟೆಲ್ಲ ಮಾಡಿ ಏನು ಸಾಧನೆ? ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ ಲೋಕಸಭೆಗೇ ನಿಂತರು. ವಯಸ್ಸು ಆಗಲೇ 87. ಸೋತರು. ಸ್ಥಾವರ ಕಟ್ಟಿದರು, 2000ದಲ್ಲಿ ಶುರುವಾಯಿತು. ಅದರ ಒಂದು ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಅಷ್ಟು ದೊಡ್ಡ ಮನುಷ್ಯ ಹೇಳಿದ್ದನ್ನೇ ಜನ ಕೇಳಲಿಲ್ಲ, ನಿಮ್ಮ ಹೊಂಗೆ ಮರ ಯಾವ ಲೆಕ್ಕ.

ರಸ್ತೆಬೇಕುಮಾರಾಯ್ರೆ
ನಾನು ಹೇಳಿದ್ದೂ ಇದೇ. ಗಟ್ಟಿಯಾಗಿ ನಂಬಿದ್ದು ಸರಿಯೇ ಇರಬೇಕು ಅಂತ ಏನಿಲ್ಲ. ಆ ಕೈಗಾದ ಕರೆಂಟಲ್ಲೇ ಈ ಚರ್ಚೆ ಓದುತ್ತಿರುವವರು ಎಷ್ಟು ಜನರೋ.

ಶಾಲ್ಮಲಾತೀರ
ಕೈಗಾ ಬಗ್ಗೆ ಬೇರೆ ಚರ್ಚೆ ಹಾಕಿ, ಜಗಳಕ್ಕೆ ನಾನು ರೆಡಿ 😄 ಕಾರಂತರು ಗೆಲ್ಲುತ್ತೇನೆ ಅಂತ ನಿಂತರಾ? ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣ ವಾಪಸ್ ಕೊಟ್ಟವರು ಅವರು. ಕೊಟ್ಟಿದ್ದರಿಂದ ತುರ್ತು ಪರಿಸ್ಥಿತಿ ಮುಗಿಯಿತಾ? ಇಲ್ಲ. ಆದರೆ ಮನೆಯಲ್ಲಿ ಆ ಪದಕ ಇಟ್ಟುಕೊಂಡು ಕೂರಲು ಅವರಿಗೆ ಆಗಲಿಲ್ಲ.

ವರದೆಯದಡ
@ಅರ್ಧಚಂದ್ರ ಕಾರಂತರು ಸೋತದ್ದು ಮಾತ್ರ ಹೇಳಿದರೆ ಹೇಗೆ, ಇದೂ ಇರಲಿ. ನಮ್ಮ ಹಾನಗಲ್ ತಾಲೂಕಿನ ಕುಸನೂರು. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಜಾಗ ನೀಲಗಿರಿ ಬೆಳೆಯಲು ಕೊಡುವುದು ಅಂತಾಯಿತು. ಅದರಲ್ಲಿ ದನ ಮೇಯುವ, ಸೌದೆ ತರುವ ಊರೊಟ್ಟಿನ ಜಾಗ ಬೇಕಾದಷ್ಟಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಎರಡು ಕಡೆ ಹಿಡಿದರು. ಒಂದು ಸುಪ್ರೀಂ ಕೋರ್ಟು, ಆ ಅರ್ಜಿಯಲ್ಲಿ ಮೊದಲ ಹೆಸರು ಇದೇ ಕಾರಂತರದ್ದು. ಇನ್ನೊಂದು, 1987ರ ನವೆಂಬರ್ 14ರಂದು ಕುಸನೂರಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಸಾಂಕೇತಿಕ ಅಂತ ಸುಮಾರು ನೂರು ಸಸಿ ಕಿತ್ತದ್ದು, ಗುಡ್ಡ ಪೂರ್ತಿ ಬೋಳು ಮಾಡಲಿಲ್ಲ. 1991ಕ್ಕೆ ಕಂಪನಿ ಮುಚ್ಚಿತು.

ನನಗೆ ಅದರಲ್ಲಿ ಇಷ್ಟವಾಗುವುದು ಹಚ್ಚಿಕೋ ಭಾಗ. ಬೇಡ ಅಂದು ಬರಲಿಲ್ಲ, ಇದು ಬೇಕು ಅಂತ ನೆಟ್ಟು ಬಂದರು. ಹೊಂಗೆನೆರಳು ಅವರೂ ಬರೀ "ಮರ ಕಡಿಯಬೇಡಿ" ಅನ್ನುವುದರ ಬದಲು ರಸ್ತೆಬೇಕು ಅವರು ಹೇಳುವಂಥ ತಿರುವಿಗೆ ಏನು ಮಾಡಬಹುದು ಅಂತಲೂ ಬರೆದರೆ ಅರ್ಜಿಗೆ ತೂಕ ಬರುತ್ತದೆ.

ಸಂವಿಧಾನಪ್ರೇಮಿ
ಸಸಿ ಕೀಳುವುದು ಕಾನೂನು ಮುರಿಯುವುದಲ್ವಾ?

ವರದೆಯದಡ
ಹೌದು, ಹೇಳಿಯೇ ಮುರಿದರು. ತಾರೀಕು, ಜಾಗ ಮೊದಲೇ ಸಾರಿ, ಹಗಲು ಹೊತ್ತಲ್ಲಿ. ರಾತ್ರಿ ಹೋಗಿ ಕಿತ್ತಿದ್ದರೆ ಅದಕ್ಕೆ ಬೇರೆ ಹೆಸರು.

ಚಾಕ್‌ಪೀಸು
ಸರ್ಕಾರಿ ಶಾಲೆ ಟೀಚರ್ ನಾನು. ನಡತೆ ನಿಯಮ ಅಂತ ಒಂದಿದೆ, ನಾವು ಬೀದಿಯಲ್ಲಿ ಸರ್ಕಾರದ ವಿರುದ್ಧ ಕೂಗಿದರೆ ನೋಟಿಸ್ ಬರುತ್ತೆ. ನಿಮ್ಮ ಮೇಷ್ಟ್ರು ರಿಟೈರ್ ಆಗಿಯೂ ಫೋನ್ ನಂಬರ್ ಬರೆಯದೇ ಇರುವುದು ನನಗೆ ಚೆನ್ನಾಗಿ ಅರ್ಥವಾಗುತ್ತೆ, ಮೂವತ್ತು ವರ್ಷದ ಅಭ್ಯಾಸ. ಅವರು ಸಹಿ ಹಾಕಿದ್ದೇ ದೊಡ್ಡದು. ನಾನು ಏನು ಮಾಡುತ್ತೇನೆ ಅಂದರೆ, ಬೇರೆಯವರಿಗೆ ಅರ್ಜಿ ಬರೆದು ಕೊಡುತ್ತೇನೆ. ನಮ್ಮೂರಲ್ಲಿ ಕುಡಿಯುವ ನೀರಿನ ಅರ್ಜಿಯೆಲ್ಲ ನನ್ನ ಅಕ್ಷರದಲ್ಲೇ ಇವೆ. ಆಫೀಸಿನವರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಸೂಜಿದಾರ
ಈ ಥರದ ಕೆಲಸ ಕೊಟ್ಟರೆ ನಾನೂ ಮಾಡುತ್ತೇನೆ. ಬ್ಯಾನರ್ ಹೊಲಿದು ಕೊಡಬಲ್ಲೆ, ಅಂಗಡಿ ಹೆಸರು ಹಾಕದಿದ್ದರೆ.

ಅರ್ಧಚಂದ್ರ
ಬ್ಯಾನರ್ ಈಗ ಯಾರು ಬಟ್ಟೆಯಲ್ಲಿ ಮಾಡಿಸುತ್ತಾರೆ, ಫ್ಲೆಕ್ಸ್.

ಸೂಜಿದಾರ
ಮರ ಉಳಿಸಲು ಪ್ಲಾಸ್ಟಿಕ್ ಫ್ಲೆಕ್ಸ್. ಚೆನ್ನಾಗಿದೆ.

ಕಾಫಿಪುಡಿ
ಚರ್ಚೆಯಲ್ಲಿ ಗೆದ್ದವರು: ಟೈಲರ್ ಅಕ್ಕ.

ರಸ್ತೆಬೇಕುಮಾರಾಯ್ರೆ
ಮಳೆಮರ ಉಳಿಸುವುದರಲ್ಲಿ ಏನಿದೆ ಹೇಳಿ? ಅದು ನಮ್ಮ ಮರವೂ ಅಲ್ಲ, ಹೊರಗಿನಿಂದ ಬಂದದ್ದು. ಗಾಳಿಗೆ ಕೊಂಬೆ ಬೀಳುತ್ತೆ. ಹೊಂಗೆ, ನೇರಳೆ ಬಿಟ್ಟು ಅವನ್ನು ತೆಗೆದರೆ ನನ್ನ ತಕರಾರಿಲ್ಲ.

ಮೈಸೂರ್‌ಮಲ್ಲಿಗೆ
ಮೆಣಸಿನಕಾಯಿಯೂ ಹೊರಗಿನಿಂದ ಬಂದದ್ದೇ ಮಾರಾಯ್ರೆ, ಸಾರಿಗೆ ಹಾಕುವುದಿಲ್ಲವಾ?

ವರದೆಯದಡ
ಆದರೂ ಅವರು ಹೇಳಿದ್ದು ಗಮನಿಸಿ. ಎಲ್ಲ ಕಡಿಯಿರಿ ಅನ್ನುತ್ತಿದ್ದವರು ಹೊಂಗೆ ನೇರಳೆ ಬಿಡಿ ಅನ್ನುವವರೆಗೆ ಬಂದರು. ಸರ್ವೆ ಮಾಡಿಸಿ, ಯಾವ ಮರ ನಿಜವಾಗಿ ದಾರಿಗೆ ಅಡ್ಡ ಇದೆ ನೋಡಿ.

ಹೊಂಗೆನೆರಳು
ಕೆಲಸ ಮುಗಿಸಿ ಬಂದು ಎಲ್ಲ ಓದಿದೆ. ಇಸ್ತ್ರಿ ಗಾಡಿಯವರ ಹತ್ತಿರ ಮಾತಾಡಿದೆ. "ಮರ ಹೋದರೆ ನಾನೂ ಹೋದ ಹಾಗೇ, ಆದರೆ ನನ್ನ ಹೆಸರು ಮೇಲೆ ಬರೆಯಬೇಡಿ, ಮಧ್ಯದಲ್ಲಿ ಎಲ್ಲಾದರೂ ಬರೆಯಿರಿ" ಅಂದರು. ಎಳನೀರಿನವರು ಮಾತ್ರ ನಾಲ್ಕು ಜನರನ್ನು ತಾವೇ ಕರೆದುಕೊಂಡು ಬರುತ್ತಾರಂತೆ. ಅರಣ್ಯ ಕಚೇರಿಯಲ್ಲಿ ಕೇಳಿದ್ದಕ್ಕೆ ಪ್ರಕಟಣೆ ಫೈಲಿನಲ್ಲಿದೆ, ಸಾಹೇಬರು ಟೂರಲ್ಲಿದ್ದಾರೆ ಅಂದರು. ಮಾಹಿತಿ ಹಕ್ಕಿನಲ್ಲಿ ಹಾಕಲಾ? ಅಷ್ಟರಲ್ಲಿ ಹತ್ತು ದಿನ ಮುಗಿದರೆ?

ಹಳೇಕಡತ
ಮಾಹಿತಿ ಹಕ್ಕಿನ ಅರ್ಜಿ, ಆಕ್ಷೇಪಣೆ ಎರಡನ್ನೂ ಹಾಕಿ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಟೈಮಿದೆ, ಅದನ್ನು ನಂಬಿ ಕೂರಬೇಡಿ. ಆ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ 150 ಪದದ ಒಳಗೆ, ಒಂದೇ ವಿಷಯ. ದೇಶದ ಗತಿ ಬಗ್ಗೆ ಪೀಠಿಕೆ ಬರೆದರೆ ತಿರಸ್ಕಾರ. ಮರಗಳ ಪಟ್ಟಿ, ಅನುಮತಿ ಪತ್ರ, ಪ್ರಕಟಣೆಯ ನಕಲು, ಇಷ್ಟು ಕೇಳಿ ನಿಲ್ಲಿಸಿ.

ಆಕ್ಷೇಪಣೆ ಮಾತ್ರ ನಾಳೆಯೇ ಕೊಡಿ. ಪ್ರಕಟಣೆ ಬರಲಿ ಅಂತ ಕಾಯಬೇಡಿ.

ಚಾಕ್‌ಪೀಸು
ಎಲ್ಲರದ್ದೂ ಒಂದೇ ಹಾಳೆಯಲ್ಲಾ, ಬೇರೆ ಬೇರೆನಾ? ಇಸ್ತ್ರಿಯವರ ಹೆಸರು ಮಧ್ಯದಲ್ಲಿ ಬರಬೇಕಲ್ಲ.

ಹಳೇಕಡತ
ಎರಡೂ ಥರ ಕೊಡಬಹುದು. ಒಂದೇ ಹಾಳೆಯಲ್ಲಿ ನೂರು ಸಹಿ ಇದ್ದರೂ ಫೈಲಿನಲ್ಲಿ ಅದು ಒಂದು ಪತ್ರ. ಬೇರೆ ಬೇರೆ ಕೊಟ್ಟರೆ ಒಂದೊಂದಕ್ಕೂ ನಂಬರ್ ಬೀಳುತ್ತೆ, ಗುಮಾಸ್ತನಿಗೆ ಕೆಲಸ ಜಾಸ್ತಿ, ಸಾಹೇಬರಿಗೆ ಬೇಗ ಗೊತ್ತಾಗುತ್ತೆ. ಧೈರ್ಯ ಇದ್ದವರು ಬೇರೆ ಬೇರೆ ಕೊಡಲಿ, ಉಳಿದವರು ಒಟ್ಟಿಗೆ. ಕನ್ನಡದಲ್ಲೇ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಬರಬೇಡಿ. ಕೊನೆಯ ಸಾಲಲ್ಲಿ "ಈ ಬಗ್ಗೆ ಹಿಂಬರಹ ನೀಡಬೇಕಾಗಿ ಕೋರಿಕೆ" ಅಂತ ಇರಲಿ, ಹಿಂಬರಹ ಅಂದರೆ ಕಚೇರಿಯ ಲಿಖಿತ ಉತ್ತರ.

ರಸ್ತೆಬೇಕುಮಾರಾಯ್ರೆ
ಸಾರ್, ರಸ್ತೆ ಬೇಕು ಅಂತ ಕೊಡುವ ಅರ್ಜಿಗೂ ಇದೇ ಕ್ರಮಾನಾ?

ಹಳೇಕಡತ
ಇದೇ ಕ್ರಮ. ಸೀಲು ಮರೆಯಬೇಡಿ.